ಹರಕೆ ಹೊತ್ತವರಿಗೆ ಒಂದು ಮಾತು

ಜಟಕ ದೇವರಿಗೆ ಹೊತ್ತ ಹರಕೆಯನ್ನು ನಮ್ಮ ಹಿರೇಗುತ್ತಿ ಕಡೆಯವರು ಬಾಕಿ ಇಟ್ಟುಕೊಳ್ಳುವುದಿಲ್ಲ. ಮುಂಬೈಯಲ್ಲಿದ್ದರೂ ಬಂದು ತೀರಿಸಿ ಹೋಗುತ್ತಾರೆ. ಪರಿಸರ ದಿನಕ್ಕೆ ನೆಟ್ಟ ಸಸಿಗೆ ಮಾತ್ರ ಜೂನ್ 5ರ ಫೋಟೋವೇ ಕೊನೆಯ ದರ್ಶನ! ಹೊನ್ನಾವರದ ಕರಿಕಾನಮ್ಮನ ಗುಡ್ಡದಲ್ಲಿ ದಟ್ಟ ಕಾಡು ಉಳಿದಿರುವುದಕ್ಕೆ ದೇವಿಯ ಮೇಲಿನ ಭಯಭಕ್ತಿಯೂ ಕಾರಣ, ಭಾಷಣವಲ್ಲ. ನಮ್ಮ ಅಘನಾಶಿನಿ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ ಎಂಬ ರಾಮ್ಸರ್ ಮಾನ್ಯತೆ ಬಂತು, ಸಂತೋಷ. ಹಾಗೆಂದು ಅಳಿವೆಯ ಕಾಂಡ್ಲಾ ಕಾಡು ಕಾಯಲು, ಗಜನಿ ಗದ್ದೆಯ ಕಗ್ಗ ಭತ್ತ ಉಳಿಸಲು ಸ್ವಿಟ್ಜರ್ಲೆಂಡಿನ ರಾಮ್ಸರ್ ಕಚೇರಿಯಿಂದ ಯಾರೂ ಬರುವುದಿಲ್ಲ.

ಈ ಮಳೆಗಾಲ ಒಂದೇ ಸಸಿ ನೆಡಿ, ಸುರಗಿಯೋ ಮುರುಗಲೋ. ಅದನ್ನೂ ಹರಕೆಯೆಂದು ದೇವರೆದುರು ಹೇಳಿಕೊಂಡೇ ನೆಡಿ. ದನ ಬಾಯಿ ಹಾಕದಂತೆ ಬೇಲಿ ಕಟ್ಟಿ. ಮುಖ್ಯವಾಗಿ, ಮೊದಲ ಎರಡು ಮೂರು ಬೇಸಿಗೆ ನೀರು ತಪ್ಪಿಸಬೇಡಿ. ಊರಲ್ಲಿಲ್ಲದಿದ್ದರೆ ಪಕ್ಕದ ಮನೆಯವರಿಗೆ ಹೇಳಿ ಹೋಗಿ.