ಹೊಳೆಗೆ ಇಳಿಯುವ ದಾರಿ

ಬಳ್ಳಾರಿಯ ಗಾಂಧಿನಗರದಲ್ಲಿ ಫಿಸಿಯೋಥೆರಪಿ ಮಾಡುವವನು ನಾನು. ವಿಕಲಚೇತನರನ್ನು ತುಂಗಭದ್ರೆಯಲ್ಲಿ ತೆಪ್ಪಕ್ಕೆ ಹತ್ತಿಸುವ ಕೆಲಸಕ್ಕೆ ನಾವು ನಾಲ್ಕಾರು ಗೆಳೆಯರು ಕೈಹಾಕಿ ಕೆಲವು ವರ್ಷಗಳಾದವು. ಹಾಯಿದೋಣಿ ನಮ್ಮಲ್ಲಿಲ್ಲ, ಇರುವುದು ಬುಟ್ಟಿಯಂಥ ಬಿದಿರಿನ ತೆಪ್ಪ. ಇದೇ ಕೆಲಸಕ್ಕೆ ಇಳಿಯುವವರಿಗೆ ನೆರವಾಗಲೆಂದು ಕಲಿತದ್ದನ್ನು ಬರೆದಿದ್ದೇನೆ.

1. ತೆಪ್ಪಕ್ಕಿಂತ ದಡ ಕಷ್ಟ

ಮೊದಲ ಸಲ ಲೈಫ್ ಜಾಕೆಟ್ ಹೊಂದಿಸಿದೆ, ಅಂಬಿಗರನ್ನು ಒಪ್ಪಿಸಿದೆ, ದಡವನ್ನು ಮಾತ್ರ ನೋಡಿರಲಿಲ್ಲ. ಸಿರುಗುಪ್ಪದ ಹತ್ತಿರ ಒದ್ದೆ ಮರಳಿನಲ್ಲಿ ಗಾಲಿಕುರ್ಚಿಯ ಮುಂದಿನ ಸಣ್ಣ ಚಕ್ರಗಳು ಹೂತುಹೋದವು. ಆಸೆಯಿಂದ ಬಂದವರು ದೂರದಿಂದಲೇ ನೀರು ನೋಡಿ ವಾಪಸಾದರು. ತೊಡಕು ತೆಪ್ಪದ್ದಾಗಿರಲಿಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿನ ಚರ್ಮ ಹೊದಿಸಿದ ಬುಟ್ಟಿದೋಣಿಗಳ ಬಗ್ಗೆ ಬರೆದಿದ್ದಾನೆ: 15–20 ಜನರನ್ನು ಹೊರುತ್ತವೆ, ಕುದುರೆ, ಎತ್ತುಗಳನ್ನೂ ದಾಟಿಸುತ್ತವೆ ಎಂದು. ಕುದುರೆ ದಾಟಿಸಿದ ತೆಪ್ಪಕ್ಕೆ ಕಾಲು ಬಾರದವರು ಭಾರವಲ್ಲ. ಈಗ ಹಲಗೆ, ದಪ್ಪ ಚಾಪೆ ಒಯ್ಯುತ್ತೇವೆ. ಹಿಂದಿನ ದಿನವೇ ಹೋಗಿ ನೀರಿನ ಮಟ್ಟ ನೋಡುತ್ತೇವೆ. ತುಂಗಭದ್ರಾ ಡ್ಯಾಮಿನ ಗೇಟು ತೆಗೆದಾಗ ಹೊಳೆಯ ಕಡೆ ಸುಳಿಯುವುದೇ ಇಲ್ಲ.

2. ಎತ್ತುವ ಮೊದಲು ಕೇಳಿ

ಪೋಲಿಯೋ ಆಗಿದ್ದ ಹುಡುಗನೊಬ್ಬನನ್ನು ಕಂಕುಳಿಗೆ ಕೈಕೊಟ್ಟು ಎತ್ತಲು ಹೋದೆ. "ಸರ್, ನನಗ ಇಳಿಯಾಕ ಬರ್ತೈತ್ರಿ. ನೀವು ತೆಪ್ಪ ಅಲ್ಲಾಡದಂಗ ಹಿಡೀರಿ ಸಾಕು" ಅಂದ. ಕೈಯೂರಿ, ತಾನೇ ಜಾರಿ ಒಳಗೆ ಕೂತ.

3. ನೋವು ತಿಳಿಯದ ಮೈಗೆ ಕಾವಲು ಹೆಚ್ಚು

ಬೆನ್ನುಹುರಿಗೆ ಪೆಟ್ಟಾದ ಹಲವರಿಗೆ ಕೆಳಮೈಯಲ್ಲಿ ಸ್ಪರ್ಶ ತಿಳಿಯುವುದಿಲ್ಲ, ಬೆವರೂ ಸರಿಯಾಗಿ ಬರುವುದಿಲ್ಲ. ಇದು ನನ್ನ ವೃತ್ತಿಯ ಮೊದಲ ಪಾಠ. ಆದರೂ ಒಬ್ಬರನ್ನು ಬರೀ ಬಿದಿರಿನ ಮೇಲೆ ಕೂರಿಸಿಬಿಟ್ಟಿದ್ದೆ. ಮನೆಗೆ ಹೋದ ಮೇಲೆ ಚರ್ಮ ಕೆಂಪಾಗಿದ್ದು ಅವರ ಹೆಂಡತಿಯ ಕಣ್ಣಿಗೆ ಬಿತ್ತು. ಅದು ಹುಣ್ಣಾಗಿದ್ದರೆ ತಿಂಗಳುಗಟ್ಟಲೆ ಹಾಸಿಗೆ. ಅಂದಿನಿಂದ ಕುರ್ಚಿಯ ಕುಶನ್ನು ತೆಪ್ಪಕ್ಕೂ ಬರುತ್ತದೆ. ಬಳ್ಳಾರಿಯ ಬಿಸಿಲು ಏರುವುದರೊಳಗೆ ದಡ ಸೇರುತ್ತೇವೆ. ಬೀಳದಿರಲೆಂದು ಯಾರನ್ನೂ ತೆಪ್ಪಕ್ಕೆ ಕಟ್ಟುವುದಿಲ್ಲ. ತೆಪ್ಪ ಮಗುಚಿದರೆ ಆ ಕಟ್ಟೇ ಕುತ್ತಾಗುತ್ತದೆ. ಒರಗಲು ಪಕ್ಕದಲ್ಲೊಬ್ಬರು ಕೂರುತ್ತಾರೆ.

4. ಹುಟ್ಟು ಅವರ ಕೈಗೆ ಕೊಡಿ

ಬಹಳ ದಿನ ನಾನು ಅವರನ್ನು ಬರೀ ಸುತ್ತಾಡಿಸುತ್ತಿದ್ದೆ. ಹಿಲರಿ ಲಿಸ್ಟರ್ ಕಥೆ ಓದಿದ ಮೇಲೆ ನಾಚಿಕೆಯಾಯಿತು. ಕುತ್ತಿಗೆಯ ಕೆಳಗೆ ಸ್ವಾಧೀನವಿಲ್ಲದ ಆ ಬ್ರಿಟಿಷ್ ಮಹಿಳೆ, ಕೊಳವೆಗಳಲ್ಲಿ ಉಸಿರು ಊದಿ, ಹೀರಿ ಹಾಯಿದೋಣಿ ನಡೆಸುತ್ತ 2009ರಲ್ಲಿ ಒಬ್ಬರೇ ಬ್ರಿಟನ್ನನ್ನು ಸುತ್ತಿದರು. ಅಂದಿನಿಂದ ಹುಟ್ಟನ್ನು ಅವರ ಕೈಗೇ ಕೊಡುತ್ತೇನೆ. ನಮ್ಮ ತೆಪ್ಪದಲ್ಲಿ ಹುಟ್ಟನ್ನು ಪಕ್ಕದಲ್ಲಿ ಹಾಕಿದರೆ ತಿರುಗುವುದೇ ಆಗುತ್ತದೆ. ಮುಂದೆ ಹಾಕಿ, ನೀರನ್ನು ತನ್ನತ್ತ ಎಳೆದುಕೊಳ್ಳಬೇಕು. ಕಣ್ಣು ಕಾಣದ ಒಬ್ಬ ಅಕ್ಕ ಇದನ್ನು ನಮ್ಮೆಲ್ಲರಿಗಿಂತ ಬೇಗ ಕಲಿತರು. ಮುಖಕ್ಕೆ ಬಿಸಿಲು ಬೀಳುವ ಬದಿ, ದಡದಿಂದ ಕೂಗುವ ದನಿ, ಇವೆರಡೇ ಅವರಿಗೆ ದಿಕ್ಕು.

5. ಉಪಕಾರ ಕೇಳುತ್ತಿಲ್ಲ ಎಂಬುದು ನೆನಪಿರಲಿ

ಪ್ಯಾರಾಲಿಂಪಿಕ್ಸ್‌ನಲ್ಲಿ 2000ದಿಂದ 2016ರವರೆಗೆ ಪದಕದ ಆಟವಾಗಿದ್ದ ಹಾಯಿದೋಣಿ ಸ್ಪರ್ಧೆ ಆಮೇಲೆ ಕೈಬಿಟ್ಟುಹೋಯಿತು. ಪದಕ ಹೋದರೂ ಹಕ್ಕು ಹೋಗಿಲ್ಲ. ನಮ್ಮಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 30ನೇ ಕಲಂ, ಕ್ರೀಡಾ ಸೌಲಭ್ಯಗಳನ್ನು ಇವರಿಗೆ ಹೊಂದುವಂತೆ ಮರುರೂಪಿಸಬೇಕೆಂದು ಸರ್ಕಾರಕ್ಕೆ ಹೇಳುತ್ತದೆ. ನೀರಿಗಿಳಿಯಲು ಅನುಕೂಲ ಕೇಳುವ ಅರ್ಜಿ ಹಿಡಿದು ಕಚೇರಿಗೆ ಹೋಗುವಾಗ ನಾನು ಈ ಕಲಂ ನೆನಪಿಟ್ಟುಕೊಂಡಿರುತ್ತೇನೆ. ಡ್ಯಾಮಿನ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1633 ಅಡಿ, ಆದರೆ ಬೇಸಿಗೆಯಲ್ಲಿ ನೀರು ಎಷ್ಟೋ ದೂರ ಹಿಂದೆ ಸರಿದಿರುತ್ತದೆ. ಕಾಂಕ್ರೀಟ್ ಇಳಿಜಾರೊಂದೇ ಸಾಲದು, ನೀರಿನ ಜೊತೆ ಏರಿಳಿಯುವ ತೇಲು ಕಟ್ಟೆ ಬೇಕು, ಕೈಹಿಡಿಯಲು ಕಂಬಿ ಬೇಕು. ಅರ್ಜಿಯಲ್ಲಿ ಈಗ ಬರೆಯುತ್ತಿರುವುದು ಇದನ್ನೇ.