ತುಂಡು ಹೊಲಗಳ ಲೆಕ್ಕಾಚಾರ

ಒಬ್ಬ ರೈತನಿಗೆ ನಾಲ್ಕು ಎಕರೆ ಜಮೀನಿದೆ ಎಂದ ಮಾತ್ರಕ್ಕೆ ಅವನ ಸ್ಥಿತಿ ನಮಗೆ ತಿಳಿದಂತಾಗುವುದಿಲ್ಲ. ಅದು ಒಂದೇ ಕಡೆ ಇದೆಯೋ, ಊರಿನ ನಾಲ್ಕು ದಿಕ್ಕಿಗೆ ಚದರಿದೆಯೋ ಎಂಬುದನ್ನೂ ಕೇಳಬೇಕು. ಚದರಿದ ತುಂಡುಗಳನ್ನು ಪರಸ್ಪರ ವಿನಿಮಯದಿಂದ ಒಂದೆಡೆಗೆ ತರುವುದೇ ಹಿಡುವಳಿಗಳ ಕ್ರೋಡೀಕರಣ. ಅದರ ಲಾಭವನ್ನು ಸರಳ ಗಣಿತದಿಂದ ತಿಳಿಯಬಹುದು.

33 ಅಡಿ ಉದ್ದಗಲದ ಚೌಕ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. 660 ಅಡಿ ಉದ್ದ, 66 ಅಡಿ ಅಗಲದ ಪಟ್ಟಿಯೂ ಒಂದು ಎಕರೆಯೇ. ಅದರ ಸುತ್ತಳತೆ 1452 ಅಡಿ. ಇಂಥ ನಾಲ್ಕು ಪಟ್ಟಿಗಳು ಬೇರೆಬೇರೆ ಇದ್ದರೆ ಒಟ್ಟು ಸುತ್ತಳತೆ 5808 ಅಡಿ. ಬದುವಿನ ಅಗಲ 3 ಅಡಿ, ಅದರಲ್ಲಿ ಅರ್ಧ ನೆರೆಯವನದು ಎಂದಿಟ್ಟುಕೊಂಡರೂ ಈ ರೈತನ ಸುಮಾರು 8 ಗುಂಟೆ ನೆಲ ಬದುವಿನ ಪಾಲಾಗುವುದು. ಅದೇ ನಾಲ್ಕು ಎಕರೆ ಒಂದೇ ಚೌಕವಾಗಿದ್ದರೆ ಸುತ್ತಳತೆ ಸುಮಾರು 1670 ಅಡಿ. ಬದುವಿಗೆ ಹೋಗುವುದು 2.3 ಗುಂಟೆ ಮಾತ್ರ. ಉಳುವಾಗ ತಿರುಗುವ ಸುತ್ತು, ಹೊಲದಿಂದ ಹೊಲಕ್ಕೆ ನಡೆಯುವ ದಾರಿ, ಕಾವಲಿನ ಶ್ರಮ, ಇವುಗಳ ಉಳಿತಾಯ ಬೇರೆ.

ಲಾಭ ಇಷ್ಟು ಸ್ಪಷ್ಟವಾಗಿದ್ದರೂ ಹೊಲಗಳು ಚೂರಾಗುವುದೇಕೆ? ಕುರುಗೋಡಿನ ಕಡೆ ಕಲ್ಲುಗುಡ್ಡಗಳ ಬಳಿ ಕೆಂಪು ಮಸಾರಿ ನೆಲವೂ ಬಯಲಿನಲ್ಲಿ ಕಪ್ಪು ಎರೆ ನೆಲವೂ ಉಂಟು. ಜೇಡಿಯ ಅಂಶ ಹೆಚ್ಚಾದ ಎರೆ ಹಸಿಯನ್ನು ಬಹುದಿನ ಹಿಡಿದಿಡುವುದು. ಮಸಾರಿ ಬೇಗ ಒಣಗಿದರೂ ಸಣ್ಣ ಮಳೆಗೇ ಹದವಾಗುವುದು. ಆದುದರಿಂದ ಪಾಲಾಗುವಾಗ ಅಣ್ಣತಮ್ಮಂದಿರು ಎರಡರಲ್ಲಿಯೂ ಭಾಗ ಕೇಳುತ್ತಾರೆ. ಒಂದು ಕೈಕೊಟ್ಟರೆ ಇನ್ನೊಂದು ಕಾಯುವುದೆಂಬ ಈ ಯೋಚನೆ ಅವಿವೇಕವಲ್ಲ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಕಾಲುವೆಗಳಲ್ಲಿ ನೀರು ಹರಿದ ಮೇಲೆ ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ಇನ್ನೊಂದು ಭೇದ ಹುಟ್ಟಿತು. ಮಣ್ಣು ಒಂದೇ ಆದರೂ ತೂಬಿನ ಹತ್ತಿರದ ಗದ್ದೆ ಬೇರೆ, ಕಾಲುವೆಯ ಕೊನೆಯ ಗದ್ದೆ ಬೇರೆ, ತಗ್ಗಿನಲ್ಲಿ ನೀರು ನಿಂತು ಸವುಳಾದ ನೆಲ ಬೇರೆ. ಎಕರೆಗೆ ಎಕರೆಯೆಂದು ಬದಲಾಯಿಸಹೊರಟರೆ ಯಾರು ತಾನೇ ಒಪ್ಪುವರು?

ಪಂಜಾಬಿನಲ್ಲಿ 1920ರ ಸುಮಾರಿಗೆ ಸಹಕಾರ ಸಂಘಗಳ ಮೂಲಕ ಈ ಕಾರ್ಯ ಆರಂಭವಾಯಿತು. ಮುಂಬಯಿ ಪ್ರಾಂತದಲ್ಲಿ 1947ರಲ್ಲಿಯೂ ನಮ್ಮ ರಾಜ್ಯದಲ್ಲಿ 1966ರಲ್ಲಿಯೂ ಇದಕ್ಕಾಗಿ ಕಾನೂನು ಬಂದಿತು; ನಮ್ಮ ಕಾನೂನು ಮುಂದೆ ರದ್ದಾಯಿತು. ಇತ್ತ ಹಿಡುವಳಿಗಳು ಕಿರಿದಾಗುತ್ತಲೇ ಬಂದಿವೆ. 2015-16ರ ಕೃಷಿ ಗಣತಿಯಂತೆ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಸುಮಾರು 3 ಎಕರೆ 14 ಗುಂಟೆ.

ಹಾಗಾದರೆ ಮಾರ್ಗವೇನು? ಮೊದಲು ಮಣ್ಣು, ನೀರು, ನೆಲದ ಮಟ್ಟ, ಈ ಮೂರನ್ನೂ ಅಳೆದು ಪ್ರತಿ ತುಂಡಿಗೂ ಅಂಕ ಕೊಡಬೇಕು. ಉದಾಹರಣೆಗೆ, ತೂಬಿನ ಬಳಿಯ ಎಕರೆಗೆ 100 ಅಂಕ, ಕೊನೆಯ ಎಕರೆಗೆ 80 ಅಂಕ ಎಂದಾದರೆ, ಮೊದಲನೆಯದನ್ನು ಬಿಟ್ಟುಕೊಡುವವನಿಗೆ ಎರಡನೆಯದರಲ್ಲಿ 1 ಎಕರೆ 10 ಗುಂಟೆ ಸಲ್ಲಬೇಕು. ಅಂಕ ಹಾಕುವ ಕೆಲಸ ಊರವರೆಲ್ಲರ ಎದುರಿಗೇ ನಡೆಯಬೇಕು. ಒಂದು ತೂಬಿನ ಕೆಳಗಿನ ರೈತರು ಇದಕ್ಕೆ ಒಪ್ಪಿದರೂ ಸಾಕು. ಭೂಮಾಪನದ ನಕ್ಷೆ ಮಾಡಿಸಿ, ವಿನಿಮಯ ಪತ್ರವನ್ನು ನೋಂದಾಯಿಸಿ, ಸಣ್ಣದಾಗಿಯೇ ಆರಂಭಿಸಬಹುದು.

ಚೂರು ಹೊಲಕ್ಕೆ ಯಾರೂ ಬಾವಿ ತೋಡಿಸರು, ಬಂಡಿದಾರಿ ಬಿಡರು, ಬಸಿಗಾಲುವೆ ತೆಗೆಯರು. ಕೂಡಿದ ಹೊಲದಲ್ಲಿ ಇವೆಲ್ಲಕ್ಕೂ ಅವಕಾಶ ಉಂಟು. ಹಳ್ಳಿಯ ಯುವಕರು ಬೇಸಾಯ ಬಿಟ್ಟು ಬಳ್ಳಾರಿಗೆ ಕೆಲಸ ಹುಡುಕಿ ಹೋಗದಿರಬೇಕಾದರೆ ಹೊಲವೊಂದು ಮೊದಲು ಆ ದುಡಿಮೆಗೆ ತಕ್ಕಷ್ಟು ದೊಡ್ಡದಾಗಿರಬೇಕು.