ಇಂದಿನ ಧಮ್ಮ ಚಿಂತನೆ: ಸಾಲವಿಲ್ಲದ ಸುಖ



ಅಂಗುತ್ತರ ನಿಕಾಯದ ಅನಣ ಸುತ್ತದಲ್ಲಿ ಬುದ್ಧರು ಅನಾಥಪಿಂಡಿಕನಿಗೆ ಗೃಹಸ್ಥನ ನಾಲ್ಕು ಸುಖಗಳನ್ನು ಹೇಳುತ್ತಾರೆ: ನ್ಯಾಯವಾಗಿ ಗಳಿಸಿದ ಸುಖ, ಅದನ್ನು ಬಳಸುವ ಸುಖ, ಸಾಲವಿಲ್ಲದ ಸುಖ, ನಿರ್ದೋಷ ನಡತೆಯ ಸುಖ.

ಭದ್ರಾವತಿಯ ನನ್ನ ತಮ್ಮ, "ಅಕ್ಕಾ, ಹಳೇ ಡೀಸೆಲ್ ಪಿಕಪ್ ಕೊಟ್ಟು ಪೆಟ್ರೋಲ್, ಸಿಎನ್‌ಜಿ ಎರಡರಲ್ಲೂ ಓಡೋ ಹೊಸದು ತಗೊಳ್ಳಲಾ?" ಎಂದ. ಲೆಕ್ಕ ಹಾಕಿದೆವು. ಶಿವಮೊಗ್ಗಕ್ಕೆ ದಿನಕ್ಕೊಂದು ಟ್ರಿಪ್, ಹೋಗಿಬರಲು ಸುಮಾರು 40 ಕಿ.ಮೀ.; ತಿಂಗಳಿಗೆ 85 ಲೀಟರ್ ಡೀಸೆಲ್. ಇಂಧನದ ಖರ್ಚು ಅರ್ಧಕ್ಕಿಳಿದರೂ, ಉಳಿಯುವುದರ ಮೂರು ಪಟ್ಟು ಸಾಲದ ಕಂತು! ಹಳೇ ಗಾಡಿಯ ಸಾಲ ತೀರಿ, ಮಗಳ ಕಾಲೇಜಿಗೆ ಈಗಷ್ಟೇ ಹಣ ಕೂಡುತ್ತಿದೆ. ಬಾಡಿಗೆ ಹೆಚ್ಚುವವರೆಗೆ ಹಳೆಯದೇ ಇರಲಿ ಎಂದು ತೀರ್ಮಾನಿಸಿದ.

ನಮ್ಮವರ ಮನೆ ಮುಂದೆ ಹೊಸ ಗಾಡಿ ನಿಲ್ಲಲಿ, ಸಂತೋಷವೇ. ಅದು ದುಡಿಮೆಗೋ, ನೋಡುವವರ ಕಣ್ಣಿಗೋ ಎಂದು ಮೊದಲು ಕೇಳಿಕೊಳ್ಳೋಣ.

ಭವತು ಸಬ್ಬ ಮಂಗಲಂ.